ಕಾರ್ಖಾನೆಯ ಬೂದಿ, ಕಾರ್ಖಾನೆಯ ನೀರು

ವಿಜಯಪುರಕ್ಕೆ ಬಂದವರು ಮೊದಲು ನೋಡುವುದು ಗೋಳಗುಮ್ಮಟವನ್ನು. ಮೇಲೇರಿ, ಚಪ್ಪಾಳೆ ತಟ್ಟಿ, ಮರುದನಿಯನ್ನು ಎಣಿಸಿ ಇಳಿದು ಬರುತ್ತಾರೆ. ಮುಂದಿನ ಸಲ ನೀವು ಆ ಊರಿಗೆ ಹೋದಾಗ, ಅಥವಾ ಆ ಊರಿನವರೇ ಆಗಿದ್ದರೆ, ಬೀದಿಗಳ ನಡುವೆ ಅಲ್ಲಲ್ಲಿ ಉಳಿದಿರುವ ಚೌಕಾಕಾರದ ಕಲ್ಲುಗೋಪುರಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಅವುಗಳಿಗೆ ಗಂಜ್ ಎಂದು ಹೆಸರು. ಆದಿಲಶಾಹಿಗಳ ಕಾಲದಲ್ಲಿ ತೊರವಿಯ ಕಡೆಯಿಂದಲೂ, 1651ರಲ್ಲಿ ಕಟ್ಟಿದ ಬೇಗಂ ತಾಲಾಬಿನಿಂದಲೂ ನೆಲದೊಳಗಿನ ಹಾದಿಯಲ್ಲಿ ಊರಿಗೆ ನೀರು ಬರುತ್ತಿತ್ತು. ಕೊಳವೆಯ ನೀರು ಈ ಗೋಪುರಗಳನ್ನು ಹತ್ತಿ ಇಳಿಯುವಾಗ ಅದರ ಒತ್ತಡ ತಗ್ಗುತ್ತಿತ್ತು. ಜೊತೆಗೆ ಬಂದ ಹೂಳು ತಳದಲ್ಲಿ ನಿಲ್ಲುತ್ತಿತ್ತು. ತಿಳಿನೀರು ಮುಂದಕ್ಕೆ ಹೋಗುತ್ತಿತ್ತು.

ಹೂಳನ್ನು ತೆಗೆಯುವುದು ಹೀಗೆ ಸುಲಭ. ನೀರನ್ನು ಸ್ವಲ್ಪ ಹೊತ್ತು ನಿಲ್ಲಗೊಟ್ಟರೆ ಸಾಕು, ಅದು ತಾನಾಗಿಯೇ ಇಳಿಯುತ್ತದೆ. ಆದರೆ ನೀರಿನಲ್ಲಿ ಸೀಸವೋ ಕ್ಯಾಡ್ಮಿಯಮ್ಮೋ ಕರಗಿದ್ದರೆ ಏನು ಮಾಡುವುದು? ಒಂದು ಲೋಟ ನೀರಿಗೆ ಉಪ್ಪು ಹಾಕಿ ಕಲಕಿ ನೋಡಿ. ರಾತ್ರಿಯೆಲ್ಲ ಇಟ್ಟರೂ ಉಪ್ಪು ತಳಕ್ಕೆ ಇಳಿಯದು, ಬಟ್ಟೆಯಲ್ಲಿ ಸೋಸಿದರೂ ಸಿಕ್ಕದು. ಕುದಿಸಿದರಂತೂ ನೀರು ಆರಿ ಉಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಕರಗಿದ ಲೋಹದ ಸ್ವಭಾವವೂ ಇದೇ. ಉಪ್ಪಾದರೆ ನಾಲಿಗೆಗೆ ತಿಳಿಯುತ್ತದೆ. ಲೀಟರಿನಲ್ಲಿ ಒಂದೆರಡು ಮಿಲಿಗ್ರಾಂ ಇರುವ ಕ್ಯಾಡ್ಮಿಯಂ ನಾಲಿಗೆಗಾಗಲಿ ಕಣ್ಣಿಗಾಗಲಿ ತಿಳಿಯುವುದಿಲ್ಲ.

ಈ ವಿಷವನ್ನು ಹಿಡಿಯಲು ಸಕ್ಕರೆ ಕಾರ್ಖಾನೆಯ ಬೂದಿ, ಉಕ್ಕಿನ ಕಾರ್ಖಾನೆಯ ಕಿಟ್ಟ, ಲೇಥ್ ಯಂತ್ರದಿಂದ ಉದುರಿದ ಕಬ್ಬಿಣದ ಚೂರು ಮುಂತಾದ ಕಸವನ್ನೇ ಬಳಸಬಹುದು ಎಂದು ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಒಂದು ಕಾರ್ಖಾನೆಯ ಕಸದಿಂದ ಇನ್ನೊಂದು ಕಾರ್ಖಾನೆಯ ವಿಷವನ್ನು ಹಿಡಿಯುವ ಈ ಉಪಾಯ ಎಲ್ಲಿಯವರೆಗೆ ನಿಜ, ಎಲ್ಲಿ ಎಚ್ಚರ ಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಭಾರಲೋಹಗಳೆಂದರೆ ಯಾವುವು?

ಸೀಸ, ಪಾದರಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್, ತಾಮ್ರ, ಸತು ಇವೆಲ್ಲ ಭಾರಲೋಹಗಳ ಗುಂಪಿಗೆ ಸೇರಿದವು. ಇವುಗಳಲ್ಲಿ ತಾಮ್ರ, ಸತು ನಮ್ಮ ಶರೀರಕ್ಕೆ ಎಳ್ಳಿನಷ್ಟು ಬೇಕು. ಸೀಸ, ಪಾದರಸ, ಕ್ಯಾಡ್ಮಿಯಂ ಎಳ್ಳಿನಷ್ಟೂ ಬೇಡ. ನಿಮ್ಮ ಕೊಳವೆಬಾವಿಯ ನೀರು ಸವುಳಾಗಿದ್ದು, ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಪದರು ಕಟ್ಟುತ್ತಿದ್ದರೆ ಅದು ಭಾರಲೋಹವಲ್ಲ, ಹೆಚ್ಚಾಗಿ ಸುಣ್ಣದ ಅಂಶ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಮನೆಯ ಬಚ್ಚಲ ನೀರಿನ ಕೊಳೆಗೂ ಈ ಲೋಹಗಳಿಗೂ ದೊಡ್ಡ ಅಂತರವುಂಟು. ಬಚ್ಚಲ ಕೊಳೆಯನ್ನು ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಸೀಸವನ್ನು ತಿಂದು ಮುಗಿಸುವ ಜೀವಿ ಯಾವುದೂ ಇಲ್ಲ. ಅದು ಕೊಳೆಯುವುದಿಲ್ಲ, ಸುಡುವುದಿಲ್ಲ, ಹಳತಾಗಿ ಸಾಯುವುದಿಲ್ಲ. ನೀರಿನಿಂದ ಮಣ್ಣಿಗೆ, ಮಣ್ಣಿನಿಂದ ಬೆಳೆಗೆ, ಬೆಳೆಯಿಂದ ಶರೀರಕ್ಕೆ ಜಾಗ ಬದಲಿಸುತ್ತ ಹೋಗುತ್ತದೆ. ಸೀಸವು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕೆಡಿಸುತ್ತದೆ. ಇಷ್ಟರವರೆಗೆ ಇದ್ದರೆ ಅಪಾಯವಿಲ್ಲ ಎಂದು ಹೇಳಬಹುದಾದ ಪ್ರಮಾಣವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಇದರ ಪರಿಣಾಮ ಎಷ್ಟು ಘೋರವೆಂಬುದನ್ನು ಜಪಾನ್ ದೇಶ ಕಂಡಿದೆ. ಅಲ್ಲಿನ ಮಿನಮಾಟ ಎಂಬ ಕಡಲತೀರದ ಊರಿನಲ್ಲಿ ರಾಸಾಯನಿಕ ಕಾರ್ಖಾನೆಯೊಂದರ ಪಾದರಸ ಸಮುದ್ರ ಸೇರಿ, ಮೀನು ಸೇರಿ, ಮೀನು ತಿಂದವರ ನರಮಂಡಲವನ್ನು ಹಾಳುಮಾಡಿತು. ಆ ರೋಗ ಅಧಿಕೃತವಾಗಿ ಬೆಳಕಿಗೆ ಬಂದದ್ದು 1956ರಲ್ಲಿ. ಅದೇ ದೇಶದ ಜಿಂಜು ನದಿಯ ದಡದಲ್ಲಿ, ಗಣಿಯಿಂದ ಹರಿದ ಕ್ಯಾಡ್ಮಿಯಂ ಬತ್ತದ ಗದ್ದೆಗೆ ಇಳಿದು, ಜನರ ಎಲುಬು ಮುಟ್ಟಿದರೆ ಮುರಿಯುವಷ್ಟು ಮೆತ್ತಗಾದವು. ಗಣಿಯ ಕ್ಯಾಡ್ಮಿಯಂ ಅದಕ್ಕೆ ಕಾರಣವೆಂದು ಸರಕಾರ ಒಪ್ಪಿಕೊಂಡದ್ದು 1968ರಲ್ಲಿ. ಅಷ್ಟು ದೂರವೇ ಏಕೆ? ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ, ಲೋಹದ ಸಾಮಾನುಗಳಿಗೆ ಹೊಳಪಿನ ಲೇಪ ಕೊಡುವ ಕೆಲಸದಿಂದ ಬಂದ ಕ್ರೋಮಿಯಂ ಸೇರಿಕೊಂಡಿದೆ. ನೆಲದೊಳಗೆ ಇಳಿದ ಮೇಲೆ ಅದನ್ನು ಹೊರಗೆ ತೆಗೆಯುವುದು ಬಲು ಕಷ್ಟ. ಆದುದರಿಂದ ವಿಷವನ್ನು ಹಿಡಿಯಬೇಕಾದ ಜಾಗ ನಿಮ್ಮ ಮನೆಯ ನಲ್ಲಿಯಲ್ಲ, ಕಾರ್ಖಾನೆಯ ಬಾಗಿಲು.

ತಿಕೋಟಾದ ದ್ರಾಕ್ಷಿ ತೋಟದ ಪಾಠ

ಹಿಡಿಯುವುದು ಹೇಗೆ? ಇದರ ರಸಾಯನಶಾಸ್ತ್ರವನ್ನು ತಿಳಿಯಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ವಿಜಯಪುರದಿಂದ ಪಶ್ಚಿಮಕ್ಕೆ, ತೊರವಿಯನ್ನು ದಾಟಿ ತಿಕೋಟಾದ ಕಡೆಗೆ ಹೋದರೆ ದ್ರಾಕ್ಷಿಯ ತೋಟಗಳು ಸಿಗುತ್ತವೆ. ಬಳ್ಳಿಗೆ ಬೂಷ್ಟು ರೋಗ ಬಾರದಂತೆ ರೈತರು ಬೋರ್ಡೋ ದ್ರಾವಣ ಸಿಂಪಡಿಸುವುದುಂಟು. ಶೇಕಡ 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತವೆಂದರೆ ತಾಮ್ರದ ಲವಣ. ನೀರಿನಲ್ಲಿ ನೀಲಿಯಾಗಿ, ಸ್ಫಟಿಕದಂತೆ ತಿಳಿಯಾಗಿ ಕರಗುತ್ತದೆ. ಅದಕ್ಕೆ ಸುಣ್ಣದ ನೀರು ಬೆರೆತೊಡನೆ ತಿಳಿ ಹೋಗಿ, ಆಕಾಶನೀಲಿಯ ನುಣ್ಣನೆಯ ಗಸಿ ತೇಲುತ್ತದೆ. ಕರಗಿದ್ದ ತಾಮ್ರ ಕರಗದ ವಸ್ತುವಾಗಿ ಮಾರ್ಪಟ್ಟಿತು. ಬಿಟ್ಟರೆ ಗಂಜಿನ ಹೂಳಿನಂತೆ ಅದು ತಳಕ್ಕೆ ಇಳಿಯುತ್ತದೆ.

ಸುಣ್ಣ ಸಾಲದೆ ಹೋದರೆ ಗೊತ್ತಾಗುವುದು ಹೇಗೆ? ಅನುಭವಸ್ಥ ರೈತ ಉಜ್ಜಿ ತೊಳೆದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾನೆ. ಚಾಕುವಿನ ಮೇಲೆ ಕೆಂಪು ಬಣ್ಣ ಕೂತರೆ ಕರಗಿದ ತಾಮ್ರ ಇನ್ನೂ ಉಳಿದಿದೆಯೆಂದು ಅರ್ಥ; ಇನ್ನಷ್ಟು ಸುಣ್ಣ ಬೇಕು. ಆ ಕೆಂಪು ಬಣ್ಣ ತಾಮ್ರವೇ. ಕಬ್ಬಿಣ ತಾನು ನೀರಿಗೆ ಇಳಿದು ತಾಮ್ರವನ್ನು ಹೊರಕ್ಕೆ ತಂದಿರುತ್ತದೆ.

ಹೀಗೆ ಒಂದೇ ತೋಟದಲ್ಲಿ ನಿಮಗೆ ಎರಡು ಉಪಾಯ ಕಂಡವು. ಮೊದಲನೆಯದು, ಸುಣ್ಣದಿಂದ ಲೋಹವನ್ನು ಗಸಿಯಾಗಿಸುವುದು. ಎರಡನೆಯದು, ಕಬ್ಬಿಣವನ್ನು ಕೊಟ್ಟು ತಾಮ್ರವನ್ನು ತೆಗೆದುಕೊಳ್ಳುವುದು. ಕಾರ್ಖಾನೆಗಳಲ್ಲಿ ನೀರನ್ನು ಶುದ್ಧಿ ಮಾಡುವವರು ಬಹುಕಾಲದಿಂದ ಸುಣ್ಣವನ್ನು ಬಳಸುತ್ತಿದ್ದಾರೆ. ಅದನ್ನು ಕೊಂಡು ತರಬೇಕು. ಸಣ್ಣ ಕಾರ್ಖಾನೆಗೆ ಅದೂ ಒಂದು ಖರ್ಚು. ಆಗ ಕಸದ ಕಡೆಗೆ ಕಣ್ಣು ಹೋಯಿತು.

ಬಳ್ಳಾರಿ ಸೀಮೆಯ ತೋರಣಗಲ್ಲಿನಂಥ ಕಡೆ ಉಕ್ಕು ತಯಾರಿಸುವಾಗ ರಾಶಿ ರಾಶಿಯಾಗಿ ಕಿಟ್ಟ ಹುಟ್ಟುತ್ತದೆ. ಅದರಲ್ಲಿ ಸುಣ್ಣದ ಅಂಶ ಹೇರಳವಾಗಿರುವುದರಿಂದ, ಪುಡಿ ಮಾಡಿ ಹುಳಿ ನೀರಿಗೆ ಹಾಕಿದರೆ ಅದು ಸುಣ್ಣದ ಕೆಲಸವನ್ನೇ ಮಾಡುತ್ತದೆ. ಲೇಥಿನಿಂದ ಸುರುಳಿ ಸುರುಳಿಯಾಗಿ ಉದುರುವ ಕಬ್ಬಿಣದ ಚೂರು ಚಾಕುವಿನ ಕೆಲಸ ಮಾಡುತ್ತದೆ. ಆ ಚೂರಿಗೆ ಇನ್ನೊಂದು ಗುಣವುಂಟು. ಲೇಪದ ಕೆಲಸದಿಂದ ಬರುವ ಹಳದಿ ಬಣ್ಣದ ಕ್ರೋಮಿಯಂ ಅತ್ಯಂತ ವಿಷಕಾರಿ. ಅದು ಸುಣ್ಣಕ್ಕೆ ಬಗ್ಗುವುದಿಲ್ಲ. ಕಬ್ಬಿಣ ಅದನ್ನು ಮೊದಲು ಸೌಮ್ಯವಾದ ಇನ್ನೊಂದು ರೂಪಕ್ಕೆ ಇಳಿಸುತ್ತದೆ. ಆಮೇಲೆ ಸುಣ್ಣಕ್ಕೆ ಅದು ಗಸಿಯಾಗಿ ಕೂಡುತ್ತದೆ. ಉಕ್ಕಿನ ತಗಡಿನ ತುಕ್ಕು ತೊಳೆದು ಚೆಲ್ಲುವ ಆಮ್ಲದ ನೀರಿನಲ್ಲಿ ಕರಗಿದ ಕಬ್ಬಿಣ ಇರುವುದರಿಂದ ಅದನ್ನೂ ಈ ಕೆಲಸಕ್ಕೆ ಹಚ್ಚಬಹುದು.

ಇಲ್ಲಿ ಹದ ಮುಖ್ಯ. ಒಂದೊಂದು ಲೋಹಕ್ಕೂ ಒಂದೊಂದು ಹದ. ಸುಣ್ಣ ಕಡಿಮೆಯಾದರೆ ಲೋಹ ಇಳಿಯದು. ಮಿತಿ ಮೀರಿ ಕ್ಷಾರ ಹೆಚ್ಚಾದರೆ ಇಳಿದಿದ್ದ ಸತು, ಕ್ರೋಮಿಯಂ ಮತ್ತೆ ಕರಗಿ ಮೇಲೇಳುತ್ತವೆ. ಆದುದರಿಂದ ಅಳತೆಯಿಲ್ಲದೆ ಮಾಡುವ ಕೆಲಸ ಇದಲ್ಲ.

ಕಬ್ಬಿನ ಸಿಪ್ಪೆಯ ಬೂದಿ

ಮೂರನೆಯ ಉಪಾಯವನ್ನು ನೋಡಲು ತಿಕೋಟಾ ಬಿಟ್ಟು ಬಬಲೇಶ್ವರದ ಕಡೆಗೆ, ಕೃಷ್ಣಾ ನದಿಯ ದಿಕ್ಕಿಗೆ ಬರೋಣ. ಅಲ್ಲಿ ಕಬ್ಬು ಉಂಟು, ಕೃಷ್ಣಾನಗರದಲ್ಲಿ ನಂದಿ ಸಹಕಾರಿ ಸಕ್ಕರೆ ಕಾರ್ಖಾನೆಯೂ ಉಂಟು. ನೂರು ಟನ್ ಕಬ್ಬು ಅರೆದರೆ ಸುಮಾರು ಮೂವತ್ತು ಟನ್ ಹಸಿ ಸಿಪ್ಪೆ ಉಳಿಯುತ್ತದೆ. ಸಕ್ಕರೆ ಕಾರ್ಖಾನೆಗಳು ಆ ಸಿಪ್ಪೆಯನ್ನೇ ಉರುವಲು ಮಾಡಿ ಉಗಿ ಎಬ್ಬಿಸುತ್ತವೆ. ಉರಿದ ಮೇಲೆ ಉಳಿಯುವುದು ಹಗುರವಾದ ಕರಿಬೂದಿ. ಹೊಗೆಯ ಜೊತೆ ಹಾರುವ ಅದನ್ನು ಹಿಡಿದು ರಾಶಿ ಹಾಕುತ್ತಾರೆ. ಅದರಲ್ಲಿ ಸಿಲಿಕದ ಜೊತೆಗೆ ಪೂರ್ತಿ ಸುಡದೆ ಉಳಿದ ಇದ್ದಲಿನ ಕಣಗಳೂ ಇರುತ್ತವೆ.

ಈ ಕಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೇನುಹುಟ್ಟಿನಂತೆ ರಂಧ್ರಗಳು. ಚಿಟಿಕೆ ಬೂದಿಗೆ ಒಳಗೂ ಹೊರಗೂ ಸೇರಿ ಬಹಳ ವಿಸ್ತಾರವಾದ ಮೈ. ಕರಗಿದ ಲೋಹದ ಕಣಗಳು ಈ ಮೈಗೆ ಬಂದು ಅಂಟಿಕೊಳ್ಳುತ್ತವೆ. ಬಟ್ಟೆ ನೀರನ್ನು ಹೀರಿದ ಹಾಗೆ ಅಲ್ಲ ಇದು; ಒಳಕ್ಕೆ ಎಳೆದುಕೊಳ್ಳದೆ ಮೈಮೇಲೆ ಕೂರಿಸಿಕೊಳ್ಳುವುದು. ಇದನ್ನು ಶಾಸ್ತ್ರದಲ್ಲಿ ಅಧಿಶೋಷಣೆ ಎನ್ನುತ್ತಾರೆ.

ನೀರು ಹುಳಿಯಾಗಿದ್ದರೆ ಈ ಕೆಲಸ ಸರಿಯಾಗಿ ನಡೆಯುವುದಿಲ್ಲ. ಕಾರಣ ತಿಳಿಯಲು ವಿಜಯಪುರದ ನಿಲ್ದಾಣದಿಂದ ತಿಕೋಟಾಕ್ಕೆ ಹೊರಟ ಬಸ್ಸನ್ನು ನೆನೆದುಕೊಳ್ಳಿ. ನಿಲ್ದಾಣದಲ್ಲೇ ಆಸನಗಳೆಲ್ಲ ತುಂಬಿಹೋದರೆ ತೊರವಿಯಲ್ಲಿ ಹತ್ತಿದವರಿಗೆ ಜಾಗವೆಲ್ಲಿ? ಹುಳಿ ನೀರಿನಲ್ಲಿ ಆಮ್ಲದ ಕಣಗಳು ಮೊದಲೇ ಬೂದಿಯ ಮೈಮೇಲೆ ಕೂತುಬಿಡುತ್ತವೆ. ಲೋಹಕ್ಕೆ ಎಡೆ ಸಿಗುವುದಿಲ್ಲ. ಹುಳಿಯನ್ನು ತಗ್ಗಿಸಿದರೆ ಆಸನ ಖಾಲಿಯಾಗುತ್ತದೆ.

ಸಿಪ್ಪೆಯ ಬೂದಿಯ ಶಕ್ತಿಯನ್ನು ಅಳೆದು ನೋಡಿದವರಲ್ಲಿ ರೂರ್ಕಿಯ ವಿಜ್ಞಾನಿ ವಿ. ಕೆ. ಗುಪ್ತ ಮತ್ತು ಅವರ ಸಂಗಡಿಗರು ಮುಖ್ಯರು. 2003ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ಲೀಟರಿಗೆ 10 ಗ್ರಾಂ ಬೂದಿ ಹಾಕಿದರೆ ಕ್ಯಾಡ್ಮಿಯಂ ಸುಮಾರು 60 ನಿಮಿಷಗಳಲ್ಲಿ, ನಿಕಲ್ ಸುಮಾರು 80 ನಿಮಿಷಗಳಲ್ಲಿ, ನೂರಕ್ಕೆ ತೊಂಬತ್ತರವರೆಗೆ ನೀರನ್ನು ಬಿಟ್ಟು ಬೂದಿಗೆ ಅಂಟಿಕೊಂಡವು. ಮರುವರ್ಷ ಸೀಸ ಮತ್ತು ಕ್ರೋಮಿಯಂ ಬಗೆಗೂ ಇಂಥದೇ ಅಧ್ಯಯನ ಹೊರಬಂತು. ತಿಪ್ಪೆಗೆ ಹೋಗುವ ಬೂದಿ ಹೀಗೆ ದುಬಾರಿಯಾದ ಕ್ರಿಯಾಶೀಲ ಇದ್ದಲಿನ ಬದಲಿಗೆ ನಿಲ್ಲಬಹುದೆಂಬ ಆಸೆ ಹುಟ್ಟಿತು.

ವಿಜಯಪುರ ಜಿಲ್ಲೆಯಲ್ಲಿ ಇನ್ನೊಂದು ಬೂದಿಯೂ ಉಂಟು. ಕೂಡಗಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ತಲಾ 800 ಮೆಗಾವಾಟಿನ ಮೂರು ಘಟಕಗಳಿವೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 45ರಷ್ಟು ಬೂದಿಯೇ. ಹೊಗೆಯಿಂದ ಹಿಡಿದ ಈ ಹಾರುಬೂದಿಯನ್ನು ಕಾಸ್ಟಿಕ್ ಸೋಡದ ಜೊತೆ ಕಾಯಿಸಿದರೆ ಜಿಯೊಲೈಟ್ ಎಂಬ, ಜರಡಿಯಂಥ ರಚನೆಯ ಹರಳಾಗಿ ಮಾರ್ಪಡುತ್ತದೆ. ಅದು ತನ್ನಲ್ಲಿರುವ ಸೋಡಿಯಮ್ಮನ್ನು ನೀರಿಗೆ ಕೊಟ್ಟು ಸೀಸವನ್ನು ತಾನು ಇಟ್ಟುಕೊಳ್ಳುತ್ತದೆ. ಆದರೆ ಹಾರುಬೂದಿಗೆ ಈಗ ಇಟ್ಟಿಗೆ, ಸಿಮೆಂಟುಗಳಲ್ಲಿ ದೊಡ್ಡ ಗಿರಾಕಿ ಇದೆ. ನೀರು ಶುದ್ಧಿಗೆ ಬೇಕಾಗುವುದು ಅದರಲ್ಲಿ ಅಲ್ಪ ಭಾಗ ಮಾತ್ರ.

ಲೆಕ್ಕ ಹಾಕಿ ನೋಡೋಣ

ನೂರಕ್ಕೆ ತೊಂಬತ್ತು ಎಂದೊಡನೆ ಕೆಲಸ ಮುಗಿಯಿತೆಂದು ನಿಮಗೆ ಅನ್ನಿಸಬಹುದು. ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಕಾರ್ಖಾನೆಯಿಂದ ದಿನಕ್ಕೆ 10,000 ಲೀಟರ್ ನೀರು ಹೊರಡುತ್ತದೆ, ಒಂದೊಂದು ಲೀಟರಿನಲ್ಲೂ 14 ಮಿಲಿಗ್ರಾಂ ಕ್ಯಾಡ್ಮಿಯಂ ಇದೆ ಎಂದು ಇಟ್ಟುಕೊಳ್ಳಿ. ಒಟ್ಟು ಕ್ಯಾಡ್ಮಿಯಂ 140 ಗ್ರಾಂ ಆಯಿತು. ಲೀಟರಿಗೆ 10 ಗ್ರಾಮಿನಂತೆ ಬೇಕಾಗುವ ಬೂದಿ 100 ಕಿಲೋ. ತೊಂಬತ್ತು ಪಾಲು ಹಿಡಿದರೆ 126 ಗ್ರಾಂ ಕ್ಯಾಡ್ಮಿಯಂ ಬೂದಿಗೆ ಬಂತು. 14 ಗ್ರಾಂ ನೀರಿನಲ್ಲೇ ಉಳಿಯಿತು. ಅಂದರೆ ಲೀಟರಿಗೆ 1.4 ಮಿಲಿಗ್ರಾಂ.

ಒಳನಾಡಿನ ಹಳ್ಳ ಹೊಳೆಗೆ ಬಿಡುವ ಕಾರ್ಖಾನೆಯ ನೀರಿನಲ್ಲಿ ಕ್ಯಾಡ್ಮಿಯಂ ಲೀಟರಿಗೆ 2 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಸಾಮಾನ್ಯ ನಿಯಮ. ಆ ಲೆಕ್ಕದಲ್ಲಿ ಈ ನೀರು ಪಾಸಾಯಿತು. ಆದರೆ ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಿತಿ 0.003 ಮಿಲಿಗ್ರಾಂ. ಉಳಿದದ್ದು ಅದರ 460 ಪಾಲಿಗಿಂತಲೂ ಹೆಚ್ಚು! ಹೊಳೆಗೆ ಬಿಡಬಹುದಾದ ನೀರು ಬೇರೆ, ಕುಡಿಯುವ ನೀರು ಬೇರೆ ಎಂಬುದನ್ನು ನಾವು ಎಂದೂ ಮರೆಯಬಾರದು.

ಇನ್ನು ಆ 100 ಕಿಲೋ ಬೂದಿಯ ಕಡೆಗೆ ನೋಡಿ. ನಿನ್ನೆಯವರೆಗೆ ಅದು ಬರೀ ಬೂದಿ. ಹೊಲಕ್ಕೆ ಚೆಲ್ಲಿದರೂ ಯಾರೂ ಕೇಳುತ್ತಿರಲಿಲ್ಲ. ಇವತ್ತು ಅದು ವಿಷದ ಮೂಟೆ. ನಾಳೆ ಇನ್ನೊಂದು ಮೂಟೆ. ಆಮ್ಲದ ನೀರು ತಾಗಿದರೆ ಹಿಡಿದ ಕ್ಯಾಡ್ಮಿಯಮ್ಮನ್ನು ಅದು ಮತ್ತೆ ಬಿಟ್ಟುಕೊಡುತ್ತದೆ. ಬೂದಿ ವಿಷವನ್ನು ಕೊಲ್ಲಲಿಲ್ಲ, ಹಿಡಿದು ಒಂದೆಡೆ ಕೂಡಿಸಿತು, ಅಷ್ಟೆ. ಈ ಉಪಾಯದ ದೊಡ್ಡ ಗುಣವೂ ಇದೇ, ದೊಡ್ಡ ಅಪಾಯವೂ ಇದೇ. 10,000 ಲೀಟರಿನಲ್ಲಿ ಚದುರಿದ್ದ ವಿಷವನ್ನು ಒಂದು ಮೂಟೆಗೆ ಇಳಿಸಿದರೆ ಅದನ್ನು ಕಾಯುವುದು ಸಾಧ್ಯ. ಆದರೆ ಕಾಯುವವರು ಬೇಕು. ಆ ಮೂಟೆ ಊರ ಹೊರಗಿನ ಹಳ್ಳಕ್ಕೆ ಬಿದ್ದರೆ ಮೊದಲ ಮಳೆಗೇ ಎಲ್ಲ ಮೊದಲಿದ್ದಲ್ಲಿಗೆ ಬಂತು.

ಇಂಥ ಬೂದಿಯನ್ನೂ ಗಸಿಯನ್ನೂ ಅಪಾಯಕಾರಿ ತ್ಯಾಜ್ಯವೆಂದು ಬೇರೆಯಾಗಿ ಇಟ್ಟು, ಸಿಮೆಂಟಿನಲ್ಲಿ ಗಟ್ಟಿಗೊಳಿಸಿ, ತಳಕ್ಕೆ ನೀರು ಇಳಿಯದಂತೆ ಪದರು ಹಾಸಿದ ಗುಂಡಿಯಲ್ಲಿ ಹೂಳಬೇಕು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿ ಅಂಥ ಏರ್ಪಾಡು ಇದೆ. ವಿಜಯಪುರದಿಂದ ಅಲ್ಲಿಗೆ ಸಾಗಿಸುವ ಖರ್ಚನ್ನು ಸೇರಿಸಿದರೆ ಪುಕ್ಕಟೆಯ ಬೂದಿ ಪುಕ್ಕಟೆಯಾಗಿ ಉಳಿಯುವುದಿಲ್ಲ. ಈ ಖರ್ಚನ್ನು ಬಿಟ್ಟು ಲೆಕ್ಕ ತೋರಿಸುವವರ ಮಾತನ್ನು ನಂಬಬಾರದು.

ಬೇರೆ ತೊಡಕುಗಳೂ ಇವೆ. ಬೂದಿಯಲ್ಲೇ ಒಂದಿಷ್ಟು ಭಾರಲೋಹ ಹುಟ್ಟಿನಿಂದ ಇರಬಹುದು. ಕಲ್ಲಿದ್ದಲಿನ ಬೂದಿಯಲ್ಲಂತೂ ಆರ್ಸೆನಿಕ್, ಕ್ರೋಮಿಯಂ ಕಾಣಸಿಗುತ್ತವೆ. ಆದುದರಿಂದ ಬಳಸುವ ಮೊದಲು ಅದನ್ನು ತೊಳೆದು ಪರೀಕ್ಷಿಸಬೇಕು. ಇಂದಿನ ಬೂದಿಯಂತೆ ನಾಳಿನ ಬೂದಿ ಇರುವುದಿಲ್ಲ. ಬಾಯ್ಲರಿನ ಉರಿ ಬದಲಾದರೆ ಅದರ ಶಕ್ತಿಯೂ ಬದಲಾಗುತ್ತದೆ. ಪ್ರಯೋಗಶಾಲೆಯ ನೀರಿನಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಲೋಹ ಇರುತ್ತದೆ; ಕಾರ್ಖಾನೆಯ ನೀರಿನಲ್ಲಿ ಎಣ್ಣೆ, ಸಾಬೂನು, ಬಣ್ಣ, ನಾಲ್ಕಾರು ಲೋಹ ಎಲ್ಲವೂ ಕೂಡಿರುತ್ತವೆ. ಬೂದಿಯ ಆಸನಗಳಿಗೆ ಅವೆಲ್ಲ ಪೈಪೋಟಿ ನಡೆಸುತ್ತವೆ. ಪ್ರಯೋಗಶಾಲೆಯಲ್ಲಿ ಗೆದ್ದ ಉಪಾಯಗಳೆಲ್ಲ ಕಾರ್ಖಾನೆಯ ಅಂಗಳಕ್ಕೆ ಬಾರದೆ ಇರುವುದಕ್ಕೆ ಇವೇ ಕಾರಣ. ಹಾಗೆಂದು ಉಪಾಯ ಸುಳ್ಳಲ್ಲ. ಸುಣ್ಣದಿಂದ ಬಹುಪಾಲು ಲೋಹವನ್ನು ಇಳಿಸಿ, ಉಳಿದದ್ದನ್ನು ಬೂದಿಯ ಪದರದ ಮೂಲಕ ಹಾಯಿಸುವಂತೆ ಎರಡನ್ನೂ ಜೊತೆಗೂಡಿಸಿದರೆ ಫಲ ಹೆಚ್ಚು.

ನೀವು ಮಾಡಬಹುದಾದದ್ದು

ಇದನ್ನು ಓದಿದ ಮೇಲೆ ಮನೆಯ ಒಲೆಯ ಬೂದಿಯನ್ನೋ ಸಕ್ಕರೆ ಕಾರ್ಖಾನೆಯ ಬೂದಿಯನ್ನೋ ಕುಡಿಯುವ ನೀರಿನ ಕೊಡಕ್ಕೆ ಹಾಕುವ ಸಾಹಸವನ್ನು ಯಾರೂ ದಯವಿಟ್ಟು ಮಾಡಬಾರದು. ಬಾವಿಯ ನೀರಿನ ಬಗ್ಗೆ ಸಂಶಯವಿದ್ದರೆ ಪ್ರಯೋಗಶಾಲೆಗೆ ಕೊಟ್ಟು, ಯಾವ ಯಾವ ಲೋಹವನ್ನು ನೋಡಬೇಕೆಂದು ಹೆಸರು ಹೇಳಿ ಪರೀಕ್ಷೆ ಮಾಡಿಸಿ. ಸಾಮಾನ್ಯ ಪರೀಕ್ಷೆಯಲ್ಲಿ ಸೀಸ, ಕ್ಯಾಡ್ಮಿಯಂ ಸೇರದೆ ಹೋಗುವುದುಂಟು.

ಭಾರಲೋಹ ಕಾರ್ಖಾನೆಯಲ್ಲಿ ಮಾತ್ರ ಇರುತ್ತದೆಂದೂ ತಿಳಿಯಬೇಡಿ. ನಿಮ್ಮ ಮನೆಯ ಇನ್ವರ್ಟರಿನ ಬ್ಯಾಟರಿಯಲ್ಲಿ ಕಿಲೋಗಟ್ಟಲೆ ಸೀಸವಿದೆ. ಅದು ಹಳತಾದಾಗ ಗುಜರಿಯವನು ನಾಲ್ಕು ಕಾಸು ಹೆಚ್ಚು ಕೊಡುತ್ತಾನೆಂದು ಕೊಟ್ಟರೆ, ಅವನು ಎಲ್ಲೋ ಬಯಲಿನಲ್ಲಿ ಅದನ್ನು ಒಡೆದು, ಆಮ್ಲವನ್ನು ನೆಲಕ್ಕೆ ಚೆಲ್ಲಿ, ಸೀಸವನ್ನು ಕರಗಿಸಿಯಾನು. ಹಳೆಯ ಬ್ಯಾಟರಿಗಳನ್ನು ತಯಾರಕರೇ ಮರಳಿ ಪಡೆಯಬೇಕೆಂದು 2022ರ ನಿಯಮ ವಿಧಿಸಿದೆ. ಹೊಸದನ್ನು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟು ರಸೀದಿ ಪಡೆಯಿರಿ.

ನಿಮ್ಮ ಊರಿನಲ್ಲಿ ಕಾರ್ಖಾನೆಯೊಂದು ತಾನು ನೀರನ್ನು ಶುದ್ಧಿಮಾಡಿ ಬಿಡುತ್ತೇನೆಂದು ಹೇಳಿದರೆ ಸಂತೋಷಪಡಿ. ಜೊತೆಗೆ ಇನ್ನೊಂದು ಮಾತನ್ನೂ ಕೇಳಿ: ನೀರಿನಿಂದ ತೆಗೆದದ್ದನ್ನು ಎಲ್ಲಿಗೆ ಸಾಗಿಸಿದಿರಿ? 1974ರ ಜಲಮಾಲಿನ್ಯ ಕಾಯ್ದೆಯ ಪ್ರಕಾರ ರಾಜ್ಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಇದೆ. ಅಪಾಯಕಾರಿ ತ್ಯಾಜ್ಯದ ಲೆಕ್ಕವನ್ನು ಕಾರ್ಖಾನೆಗಳು ಅಲ್ಲಿಗೆ ಒಪ್ಪಿಸಬೇಕು. ಬರೀ ತಿಳಿನೀರನ್ನು ತೋರಿಸಿದರೆ ಆ ಲೆಕ್ಕದಲ್ಲಿ ಅರ್ಧ ಮಾತ್ರ ತೋರಿಸಿದಂತೆ.

ಗಂಜ್ ಕಟ್ಟಿದವರಿಗೂ ಈ ತೊಂದರೆ ಇದ್ದೇ ಇತ್ತು. ತಳದಲ್ಲಿ ನಿಂತ ಹೂಳನ್ನು ಆಗಾಗ ಎತ್ತಿ ಹೊರಗೆ ಹಾಕದಿದ್ದರೆ ಎಷ್ಟು ಎತ್ತರದ ಗೋಪುರವಿದ್ದರೂ ಮುಂದಿನ ಬೀದಿಗೆ ಹೋಗುವುದು ರಾಡಿ ನೀರೇ. ಅವರ ಹೂಳು ಬರೀ ಮಣ್ಣು, ಎಲ್ಲಿ ಹಾಕಿದರೂ ನಡೆಯುತ್ತಿತ್ತು. ನಮ್ಮದು ಹಾಗಲ್ಲ.